ತಗೊಂಡೋರು ಯಾರು ಸಾರ್?

2018ರ ಮೇ 9. ವಿಧಾನಸಭಾ ಚುನಾವಣೆಗೆ ಮೂರೇ ದಿನ ಬಾಕಿ, ಸ್ಟುಡಿಯೋ ತುಂಬಾ ಅದೇ ಗದ್ದಲ. ಆ ಗದ್ದಲದ ನಡುವೆ ಒಂದು ಬ್ರೇಕಿಂಗ್ ನ್ಯೂಸ್ ಬಂತು. ನಮ್ಮ ಕೋರಮಂಗಲದಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್‌ನ ಶೇ. 77ರಷ್ಟು ಪಾಲನ್ನು ಅಮೆರಿಕದ ವಾಲ್‌ಮಾರ್ಟ್ 1,600 ಕೋಟಿ ಡಾಲರ್‌ಗೆ ಕೊಳ್ಳುತ್ತಿದೆ! ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ ರೂಪಾಯಿಗೂ ಮೇಲೆ. ಪುಸ್ತಕ ಮಾರುತ್ತಾ ಶುರುವಾದ ಕಂಪನಿ ಅದು. ನಾನೂ ಎದೆಯುಬ್ಬಿಸಿಕೊಂಡೇ ಸುದ್ದಿ ಓದಿದೆ. ಕ್ಯಾಮೆರಾ ಆಫ್ ಆದ ಮೇಲೆ, ಟೀ ತಂದುಕೊಟ್ಟ ನಮ್ಮ ಆಫೀಸ್ ಹುಡುಗ ಕೇಳಿದ: ‘ಮಾರಿದೋರು ಗೊತ್ತಾಯ್ತು. ತಗೊಂಡೋರು ಯಾರು ಸಾರ್?’

ದೊಡ್ಡ ಕಂಪನಿ ಕಣಯ್ಯಾ ಅಂದೆ. ಅದು ಉತ್ತರಾನಾ? ಅವತ್ತು ರಾತ್ರಿ ಕೂತು ಓದಿದೆ.

ಕಥೆ ಶುರುವಾಗೋದು ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ. ರೋಜರ್ಸ್ ಅನ್ನೋ ಸಣ್ಣ ಊರು. 1962ರ ಜುಲೈ 2ರಂದು ಸ್ಯಾಮ್ ವಾಲ್ಟನ್ ಅಲ್ಲಿ ಮೊದಲ ವಾಲ್‌ಮಾರ್ಟ್ ತೆರೆದ. ದೊಡ್ಡ ಕಂಪನಿಗಳು ಮೂಸಿ ನೋಡದ ಹಳ್ಳಿ-ಪಟ್ಟಣಗಳಿಗೆ ಹೋದ, ಎಲ್ಲರಿಗಿಂತ ಅಗ್ಗವಾಗಿ ಮಾರಿದ. ಬಡವರ ಮನೆಗೆ ನಾಲ್ಕು ಕಾಸು ಉಳಿಯಿತು, ಅದನ್ನು ಅಲ್ಲಗಳೆಯೋ ಹಾಗಿಲ್ಲ. ಶ್ರೀಮಂತನಾದ ಮೇಲೂ ಆತ ಓಡಿಸುತ್ತಿದ್ದದ್ದು ಹಳೇ ಪಿಕಪ್ ಟ್ರಕ್ಕು. ಇಂಥವರನ್ನು ಕಂಡರೆ ನಮಗೆ ಪ್ರೀತಿ, ಅಲ್ವಾ?

ಆದರೆ ಅಗ್ಗ ಎಲ್ಲಿಂದ ಬರುತ್ತೆ ಸ್ವಾಮಿ? 1961ರಲ್ಲಿ ಅಮೆರಿಕ ಸರ್ಕಾರ ಕನಿಷ್ಠ ವೇತನ ಕಾಯ್ದೆಯನ್ನು ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗಿಂತ ಹೆಚ್ಚು ವಹಿವಾಟಿರುವ ಅಂಗಡಿ ವ್ಯವಹಾರಗಳಿಗೂ ವಿಸ್ತರಿಸಿತು. ವಾಲ್ಟನ್ ಏನ್ ಮಾಡಿದ? ಒಂದೊಂದು ಅಂಗಡಿಯೂ ಒಂದೊಂದು ಬೇರೆ ಕಂಪನಿ ಅಂತ ತೋರಿಸಿ, ಈ ಕಾಯ್ದೆ ನಮಗೆ ತಾಗಲ್ಲ ಅಂದ. ಕೋರ್ಟ್ ಒಪ್ಪಲಿಲ್ಲ. ಶುರುವಿನಲ್ಲಿ ಸಂಬಳದ ವಿಷಯದಲ್ಲಿ ತಾನು ಜಿಪುಣನಾಗಿದ್ದೆ ಅಂತ ಆತ ತನ್ನ ಆತ್ಮಕಥೆಯಲ್ಲೇ ಒಪ್ಪಿಕೊಂಡಿದ್ದಾನೆ.

ಸಂಬಳ ಹಿಂಡಿದ ಮೇಲೆ ಉಳಿದದ್ದು ಸಪ್ಲೈಯರ್‌ಗಳು. ವ್ಲಾಸಿಕ್ ಅನ್ನೋದು ಅಲ್ಲಿನ ಉಪ್ಪಿನಕಾಯಿ ಕಂಪನಿ. ಮಾವಿನಕಾಯಿ, ನಿಂಬೆಕಾಯಿ ಅಲ್ಲ, ಅವರದು ಸೌತೆಕಾಯಿ. ಹೆಚ್ಚೂಕಡಿಮೆ ನಾಲ್ಕು ಲೀಟರಿನ ದೊಡ್ಡ ಜಾಡಿಯನ್ನು ವಾಲ್‌ಮಾರ್ಟ್ 2.97 ಡಾಲರ್‌ಗೆ ಮಾರಿತು. ಜನ ಮುಗಿಬಿದ್ದರು. ಅಷ್ಟು ಉಪ್ಪಿನಕಾಯಿ ಯಾವ ಮನೆಯಲ್ಲಿ ಖರ್ಚಾಗುತ್ತೆ? ಅರ್ಧ ತಿಂದು ಅರ್ಧ ಎಸೆದರು. ಕಂಪನಿಗೆ ಒಂದು ಜಾಡಿಗೆ ಸಿಗುತ್ತಿದ್ದದ್ದು ಒಂದೆರಡು ಸೆಂಟ್ ಲಾಭ. ಬೆಲೆ ಏರಿಸೋಣ ಅಂದರೆ ಅಷ್ಟು ದೊಡ್ಡ ಗಿರಾಕಿಯನ್ನು ಬಿಡೋ ಧೈರ್ಯ ಯಾರಿಗಿದೆ?

ಟಿವಿಯವನಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು 1992ರ ಡಿಸೆಂಬರ್. ವಾಲ್‌ಮಾರ್ಟ್ 1985ರಿಂದಲೂ ‘ಅಮೆರಿಕದ್ದನ್ನೇ ಕೊಳ್ಳಿ’ ಅಂತ ಪ್ರಚಾರ ಮಾಡುತ್ತಿತ್ತು. ವಾಲ್ಟನ್ ತೀರಿಕೊಂಡು ಎಂಟು ತಿಂಗಳಾಗಿತ್ತಷ್ಟೇ. ಎನ್‌ಬಿಸಿ ಚಾನೆಲ್‌ನ ಡೇಟ್‌ಲೈನ್ ಕಾರ್ಯಕ್ರಮ ಕ್ಯಾಮೆರಾ ಹಿಡಿದು ಅಂಗಡಿಗಳಿಗೆ ನುಗ್ಗಿತು. ‘ಅಮೆರಿಕದಲ್ಲಿ ತಯಾರಾದದ್ದು’ ಅಂತ ಬೋರ್ಡ್ ನೇತುಹಾಕಿದ ಸ್ಟ್ಯಾಂಡಿನಲ್ಲಿ ಬಾಂಗ್ಲಾದೇಶದ ಬಟ್ಟೆ! ಢಾಕಾದ ಕಾರ್ಖಾನೆಯಲ್ಲಿ ಮಕ್ಕಳು ಕೂತು ಹೊಲಿಯುವ ದೃಶ್ಯವನ್ನು ಸಿಇಒ ಡೇವಿಡ್ ಗ್ಲಾಸ್ ಎದುರಿಗೇ ತೋರಿಸಿದರು. ಮಕ್ಕಳು ಅಂದರೆ ಯಾರು ಅನ್ನೋದಕ್ಕೆ ನಿಮ್ಮ ಅರ್ಥ ಬೇರೆ ಇರಬಹುದು, ನನ್ನ ಅರ್ಥ ಬೇರೆ ಇರಬಹುದು ಅನ್ನೋ ಧಾಟಿಯಲ್ಲಿ ಆತ ಮಾತಾಡಿದ. ಸಂದರ್ಶನ ಮಧ್ಯದಲ್ಲೇ ನಿಂತಿತು. ನಾನು ಇಷ್ಟು ವರ್ಷ ಎಷ್ಟೋ ಜನರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದ್ದೇನೆ. ಇಂಥ ಒಂದು ಪ್ರಶ್ನೆ ಕೇಳಿದ್ದೀನಾ ಅಂತ ಯೋಚಿಸಿದೆ. ಉತ್ತರ ನನಗೆ ಹಿಡಿಸಲಿಲ್ಲ.

ಅದಾಗಿ ಇಪ್ಪತ್ತು ವರ್ಷಕ್ಕೆ, 2012ರ ನವೆಂಬರ್ 24ರಂದು ಅದೇ ಢಾಕಾ ಪಕ್ಕದ ತಜ್ರೀನ್ ಗಾರ್ಮೆಂಟ್ಸ್ ಹೊತ್ತಿ ಉರಿಯಿತು. ಸತ್ತವರು 112ಕ್ಕೂ ಹೆಚ್ಚು. ಬೂದಿಯ ನಡುವೆ ವಾಲ್‌ಮಾರ್ಟ್ ಬ್ರ್ಯಾಂಡಿನ ಉಡುಪುಗಳು ಸಿಕ್ಕವು. ನಮ್ಮ ಅನುಮತಿ ಇಲ್ಲದೆ ಸಪ್ಲೈಯರ್ ಅಲ್ಲಿಗೆ ಕೆಲಸ ಕೊಟ್ಟಿದ್ದ ಅಂತ ಕಂಪನಿ ಹೇಳಿತು. ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ ಬೆಳಗಾದರೆ ಗಾರ್ಮೆಂಟ್ಸ್ ಬಸ್ ಹತ್ತುವ ಹೆಣ್ಣುಮಕ್ಕಳನ್ನು ನೋಡಿದವರಿಗೆ ಇದು ದೂರದ ಸುದ್ದಿ ಅನ್ನಿಸಲ್ಲ.

ಯೂನಿಯನ್ ಮಾತು ಕೇಳಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಜಾಂಕ್ಯೆರ್ ಊರಿನ ಅಂಗಡಿಯಲ್ಲಿ 2004ರಲ್ಲಿ ನೌಕರರು ಸಂಘ ಕಟ್ಟಿದರು. 2005ರ ಏಪ್ರಿಲ್‌ನಲ್ಲಿ ಅಂಗಡಿಯೇ ಬಂದ್! ಸುಮಾರು 190 ಜನ ಬೀದಿಗೆ. ಲಾಭ ಇಲ್ಲ, ಅದಕ್ಕೇ ಮುಚ್ಚಿದೆವು ಅಂತ ಕಾರಣ ಕೊಟ್ಟರು. 2014ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ನೌಕರರ ಪರ ತೀರ್ಪು ಕೊಟ್ಟಿತು. ಅಷ್ಟೊತ್ತಿಗೆ ಶಟರ್ ಎಳೆದು ಒಂಬತ್ತು ವರ್ಷ ಆಗಿತ್ತು. ಇತ್ತ ಅಮೆರಿಕದಲ್ಲಿ ಸಂಬಳ-ಬಡ್ತಿಯಲ್ಲಿ ತಾರತಮ್ಯ ಅಂತ ಸುಮಾರು 15 ಲಕ್ಷ ಮಹಿಳೆಯರ ಪರವಾಗಿ ಹೂಡಿದ್ದ ದಾವೆ, ಒಟ್ಟಾಗಿ ನಡೆಸುವಂತಿಲ್ಲ ಅನ್ನೋ ಕಾರಣಕ್ಕೆ 2011ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು.

ನನಗೆ ಮರೆಯಲಾಗದ್ದು 2013ರ ನವೆಂಬರ್‌ನ ಒಂದು ಡಬ್ಬ. ಒಹಾಯೊ ರಾಜ್ಯದ ಕ್ಯಾಂಟನ್ ಊರಿನ ವಾಲ್‌ಮಾರ್ಟ್‌ನಲ್ಲಿ, ನೌಕರರು ಓಡಾಡುವ ಜಾಗದಲ್ಲಿ ಇಟ್ಟಿದ್ದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಗತಿಯಿಲ್ಲದ ಸಹೋದ್ಯೋಗಿಗಳಿಗೆ ಆಹಾರ ದಾನ ಮಾಡಿ ಅಂತ ಅದರ ಕೋರಿಕೆ. ಕೇಳಿದ್ದು ಮಾಲೀಕರನ್ನಲ್ಲ, ಅದೇ ಸಂಬಳದ ಇನ್ನೊಬ್ಬ ನೌಕರನನ್ನು! ಕಂಪನಿಯ ವಾರ್ಷಿಕ ವಹಿವಾಟು ಆಗ 46,000 ಕೋಟಿ ಡಾಲರ್ ದಾಟಿತ್ತು. ನಮ್ಮವರು ಒಬ್ಬರಿಗೊಬ್ಬರು ಹೇಗೆ ಆಗುತ್ತಾರೆ ನೋಡಿ ಅಂತ ವಕ್ತಾರರು ಸಮರ್ಥಿಸಿಕೊಂಡರು.

ಮಾರನೇ ದಿನ ಟೀ ತಂದ ಹುಡುಗನಿಗೆ ಇಷ್ಟನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಅವನ ತಮ್ಮ ಊರಾಚೆಯ ಗೋದಾಮೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಾನಂತೆ, ನನಗೆ ಗೊತ್ತೇ ಇರಲಿಲ್ಲ. ‘ಅವನ ಬಗ್ಗೆ ಯಾವಾಗ ಪ್ರೋಗ್ರಾಂ ಮಾಡ್ತೀರಾ ಸಾರ್?’ ಅಂದ. ಎಲೆಕ್ಷನ್ ಮುಗೀಲಿ ಅಂದೆ. ಎಲೆಕ್ಷನ್ ಮುಗೀತು, ಸರ್ಕಾರವೂ ಬಂತು, ಬಿದ್ದೂ ಹೋಯಿತು. ಆ ಪ್ರೋಗ್ರಾಂ ನಾನಿನ್ನೂ ಮಾಡಿಲ್ಲ.