ಉತ್ತನೂರಿನ ದಾಸರು, ಅಥೆನ್ಸಿನ ಪ್ಲೇಟೋ

ತೆಲಂಗಾಣದ ವಡ್ಡೆಪಲ್ಲಿಯ ನೆರೆಯ ಐಜ ಸೀಮೆಯಲ್ಲಿ ಉತ್ತನೂರಿದೆ. 18ನೇ ಶತಮಾನದಲ್ಲಿ ಗೋಪಾಲದಾಸರು ನೆಲೆಸಿ, ‘ಗೋಪಾಲವಿಠಲ’ ಅಂಕಿತದಲ್ಲಿ ಕನ್ನಡ ಕೀರ್ತನೆ ಕಟ್ಟಿದ ಊರು. ಅವರ ಗುರು ವಿಜಯದಾಸರು.

ಗುರುವಿನ ಅಪ್ಪಣೆಯಂತೆ ಅವರು ತಮ್ಮ ಆಯುಷ್ಯದ 40 ವರ್ಷಗಳನ್ನು ಜಗನ್ನಾಥದಾಸರಿಗೆ ಧಾರೆಯೆರೆದರೆಂಬುದು ಐತಿಹ್ಯ. ಆ ಜಗನ್ನಾಥದಾಸರೇ ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ರಚಿಸಿ, ಮಧ್ವಮತದ ಜೀವತತ್ತ್ವವನ್ನು ಜನರ ನಾಲಿಗೆಗೆ ತಂದರು.

ಈ ಜೀವತತ್ತ್ವವನ್ನು ಅಥೆನ್ಸಿನ ಪ್ಲೇಟೋನ ಆತ್ಮವಿಚಾರದ ಪಕ್ಕದಲ್ಲಿಟ್ಟು ನೋಡಬಹುದು. ಕ್ರಿ.ಪೂ. 4ನೇ ಶತಮಾನದಲ್ಲಿ ಆತ ಒಂದೇ ಆತ್ಮವನ್ನು ವಿವೇಕ, ಕೆಚ್ಚು, ಬಯಕೆ ಎಂದು ಮೂರು ಪಾಲು ಮಾಡಿದ್ದ. ವಿವೇಕ ಸಾರಥಿ, ಉಳಿದೆರಡು ಕುದುರೆಗಳು. ಕಠೋಪನಿಷತ್ತಿನಲ್ಲೂ ರಥವುಂಟು: ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು.

ಮಧ್ವರು ಆತ್ಮವನ್ನು ಹೀಗೆ ಪಾಲು ಮಾಡಲಿಲ್ಲ. ಜೀವರನ್ನೇ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮೂರು ಬಗೆಯಾಗಿ ವಿಂಗಡಿಸಿದರು. ದಾಸರು ಕನ್ನಡಕ್ಕಿಳಿಸಿದ್ದು ಈ ತಾರತಮ್ಯವನ್ನು.