ಮರದ ಕೃತಕ ಮೀನಿಗೆ ಏರ್‌ಬ್ರಷ್‌ನಿಂದ ಬಣ್ಣ ಲೇಪಿಸುವ ಕ್ರಮ

ಗಾಳಕ್ಕಾಗಿ ನೀವೇ ಕೆತ್ತಿದ ಮರದ ಕೃತಕ ಮೀನಿಗೆ ಬಣ್ಣಕ್ಕಿಂತ ಮೊದಲು ಎಪಾಕ್ಸಿ ಅಥವಾ ಸೀಲರ್ ಲೇಪನ ಅತ್ಯವಶ್ಯಕ. ಕೊಕ್ಕೆ ಕೂರಿಸುವ ರಂಧ್ರದೊಳಕ್ಕೂ ಅದು ಇಳಿಯಬೇಕು. ಅಲ್ಲಿಂದ ನೀರು ಸೇರಿದರೆ ಮರ ಉಬ್ಬಿ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಒಣಗಿದ ನಂತರ ನಯವಾದ ಉಪ್ಪುಕಾಗದದಿಂದ ಉಜ್ಜಿ ಬಿಳಿ ಪ್ರೈಮರ್ ಕೊಡಿ.

ಹೊಸಬರಿಗೆ ನೀರಿನಲ್ಲಿ ತೆಳುವಾಗುವ ಅಕ್ರಿಲಿಕ್ ಬಣ್ಣ, 0.3ರಿಂದ 0.5 ಮಿ.ಮೀ. ಮೂತಿ ಮತ್ತು 20ರಿಂದ 30 ಪಿ.ಎಸ್.ಐ. ಒತ್ತಡ ಸೂಕ್ತ. ಹಾಲಿನಷ್ಟು ತೆಳುವಾದ ಬಣ್ಣವನ್ನು ಪದರ ಪದರವಾಗಿ, ಒಣಗಿಸುತ್ತಾ ಸಿಂಪಡಿಸಿ. ಹೊಟ್ಟೆ ತಿಳಿಯಾಗಿ, ಬೆನ್ನು ಗಾಢವಾಗಿರಲಿ. ಹುರುಪೆಯ ವಿನ್ಯಾಸಕ್ಕೆ ದುಬಾರಿ ಅಚ್ಚು ಬೇಕಿಲ್ಲ. ಸೊಳ್ಳೆಪರದೆಯ ತುಂಡನ್ನು ಬಿಗಿಯಾಗಿ ಸುತ್ತಿ ಸಿಂಪಡಿಸಿದರೆ ಸಾಕು.

ಎರಡು ಘಟಕಗಳ ಯುರೆಥೇನ್ ಲೇಪವನ್ನು ಮಾತ್ರ ಮನೆಯಲ್ಲಿ ಸಿಂಪಡಿಸಲೇಬಾರದು. ಅದರ ಐಸೊಸಯನೇಟ್ ತುಂತುರು ಉಬ್ಬಸವನ್ನುಂಟುಮಾಡಬಲ್ಲದು. ಬಟ್ಟೆಯ ಮುಖಗವಸು ಅದನ್ನು ತಡೆಯದು. ಅಂತಿಮ ಲೇಪಕ್ಕೆ ಎಪಾಕ್ಸಿಯನ್ನು ಕುಂಚದಿಂದ ಹಚ್ಚಿ, ಅದು ಗಟ್ಟಿಯಾಗುವವರೆಗೆ ಮೀನನ್ನು ನಿಧಾನವಾಗಿ ತಿರುಗಿಸುತ್ತಿರಿ.