ಡಮಾಮದ ದನಿ

ಬೆಳಗಾವಿಯಿಂದ ಖಾನಾಪುರವನ್ನು ದಾಟಿ ಮುಂದೆ ಹೋದಂತೆ ಬಯಲು ಕಿರಿದಾಗಿ ಅಡವಿಯು ದಟ್ಟವಾಗುತ್ತ ಹೋಗುವದು. ಘಟ್ಟದ ಕೆಳಗೆ ಗೋವೆ. ಹದಿನಾರನೆಯ ಶತಮಾನದಿಂದ ಪೋರ್ತುಗೀಜರು ಆಫ್ರಿಕೆಯ ಪೂರ್ವತೀರದಿಂದ ಹಡಗುಗಳಲ್ಲಿ ತುಂಬಿ ತಂದು ಅಲ್ಲಿ ಮಾರಿದ ಗುಲಾಮರಲ್ಲಿ ಅನೇಕರು ಒಡೆಯರ ಕಣ್ಣು ತಪ್ಪಿಸಿ ಘಟ್ಟವನ್ನೇರಿ ಈ ಕಾಡುಗಳನ್ನು ಹೊಕ್ಕರು. ಖಾನಾಪುರ, ಹಳಿಯಾಳ, ಯಲ್ಲಾಪುರ ಸೀಮೆಗಳ ಸಿದ್ದಿಗಳಲ್ಲಿ ಬಹುಮಂದಿ ಇಂಥವರ ಸಂತತಿಯವರು. ಅಹಮದನಗರದ ಮಲಿಕ್ ಅಂಬರನಂತೆ ಅಧಿಕಾರಕ್ಕೇರಿದ ಹಬಶಿಗಳನ್ನು ಇತಿಹಾಸಕಾರರು ಮರೆತಿಲ್ಲ. ಕಾಡು ಸೇರಿದವರ ಹೆಸರುಗಳನ್ನು ಮಾತ್ರ ಯಾವ ಬಖರಕಾರನೂ ಬರೆದಿಡಲಿಲ್ಲ.

ಪ್ರಾಣಭಯದಿಂದ ಓಡಿದವರು ಗಂಟುಮೂಟೆ ಕಟ್ಟಿಕೊಂಡು ಬರುವದೆಂತು? ಪೂರ್ವಜರ ನುಡಿಯು ಕಾಲಕ್ರಮದಲ್ಲಿ ಅಳಿಯಿತು. ಕೊಂಕಣಿ, ಮರಾಠಿ, ಉರ್ದು, ಕನ್ನಡಗಳು ಬಾಯಿಗೆ ಬಂದವು. ಹಿಂದೂ, ಮುಸಲ್ಮಾನ, ಕ್ರೈಸ್ತ ಎಂದು ಜನವು ಮೂರು ಮತಗಳಲ್ಲಿ ಹಂಚಿಹೋಯಿತು. ಹೀಗಿದ್ದೂ ಮೂವರನ್ನೂ ಒಂದೇ ಅಂಗಳಕ್ಕೆ ಕರೆಯುವದೊಂದು ವಾದ್ಯವುಂಟು, ಅದೇ ಡಮಾಮ. ಮರದ ದಿಮ್ಮಿಯನ್ನು ಟೊಳ್ಳುಮಾಡಿ ಎರಡೂ ಮುಖಗಳಿಗೆ ಚರ್ಮವನ್ನು ಬಿಗಿದು ಇದನ್ನು ಮಾಡುವರು. ಹಿಂದೆ ಜಿಂಕೆಯ ಚರ್ಮವೇ ಶ್ರೇಷ್ಠವೆನಿಸಿತ್ತು. 1972ರ ವನ್ಯಜೀವಿ ಸಂರಕ್ಷಣ ಕಾಯಿದೆಯ ತರುವಾಯ ಅದು ನಿಷಿದ್ಧವಾಯಿತು. ಹೆಸರಾದರೋ ಪಾರಸಿಯ ‘ದಮಾಮಾ’ ಎಂಬ ಭೇರಿಯ ಹೆಸರನ್ನು ಹೋಲುತ್ತದೆ, ಆಫ್ರಿಕೆಯದೆಂದು ತೋರುವದಿಲ್ಲ. ಆದರೆ ಹೆಸರು ಯಾರದಾದರೇನು! ದುಡಿದು ಬಂದ ಗಂಡಸರೂ ಹೆಂಗಸರೂ ರಾತ್ರಿ ಅದರ ಗತಿಗೆ ಹಾಡಿ ಕುಣಿಯುವಾಗ ಗಾಯಕರಾರು, ಶ್ರೋತೃಗಳಾರು ಎಂಬ ಭೇದವೇ ಉಳಿಯುವದಿಲ್ಲ. ಗುಜರಾತದ ಸಿದ್ದಿಗಳು ಬಾವಾ ಗೋರ್ ಪೀರನ ಸನ್ನಿಧಿಯಲ್ಲಿ ‘ಗೋಮಾ’ ಕುಣಿತವನ್ನು ಉಳಿಸಿಕೊಂಡಿರುವದೂ ಇಂಥದೇ ಸಂಗತಿ. ಬರ್ಮಾದಿಂದ ಥಾಯ್ಲೆಂಡಿನ ಗಡಿಯ ಶಿಬಿರಗಳಿಗೆ 1984ರಿಂದ ಓಡಿಬಂದ ಕರೆನ್ ಜನರಂತೂ ತಮ್ಮ ಧ್ವಜದ ಮೇಲೆಯೇ ನಗಾರಿಯನ್ನು ಚಿತ್ರಿಸಿಕೊಂಡಿದ್ದಾರೆ.

ಸರಕಾರದ ದಫ್ತರಕ್ಕೆ ಮಾತ್ರ ಈ ದನಿಯು ಪ್ರಮಾಣವಾಗಲಿಲ್ಲ. 2003ರಲ್ಲಿ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದಾಗ ಉತ್ತರ ಕನ್ನಡ ಜಿಲ್ಲೆಯವರಿಗಷ್ಟೇ ಆ ಹಕ್ಕು ದೊರೆಯಿತು. ಬೆಳಗಾವಿ, ಧಾರವಾಡ ಜಿಲ್ಲೆಗಳವರು ಹೊರಗುಳಿದರು. ಹಳಿಯಾಳದ ಸಿದ್ದಿಯ ಮಗನಿಗೆ ಸಿಗುವ ವಿದ್ಯಾರ್ಥಿವೇತನವು ಖಾನಾಪುರದ ಸಿದ್ದಿಯ ಮಗನಿಗೆ ಆ ಪಟ್ಟಿಯ ಬಲದಿಂದ ಸಿಗುವಂತಿರಲಿಲ್ಲ! ಕಾಡು ಒಂದೇ, ಕುಲವೊಂದೇ. ನಡುವೆ ಇದ್ದುದು ಜಿಲ್ಲೆಯ ಗಡಿಯ ಕಲ್ಲು. ಅದನ್ನು ಕಾನೂನಿನಿಂದ ಕಿತ್ತು ಈ ಎರಡು ಜಿಲ್ಲೆಗಳ ಸಿದ್ದಿಗಳನ್ನೂ ಪಟ್ಟಿಯಲ್ಲಿ ಬರೆಯುವಷ್ಟರಲ್ಲಿ 2020ನೆಯ ಇಸವಿ ಬಂದಿತ್ತು.